ಮ್ಯಾಕ್ರೋಗಳ ಹೆಡರ್ ಫೈಲನ್ನು ನಾನು ಸರಳಗೊಳಿಸಿದ ಬಗೆ

ಮೈಕ್ರೋಕಂಟ್ರೋಲರ್‌ಗಳಿಗೆ ಸಿ ಭಾಷೆಯಲ್ಲಿ ಫರ್ಮ್‌ವೇರ್ ಬರೆಯುವುದು ನನ್ನ ಕೆಲಸ. ನಮ್ಮ ಕೋಡಿನ ಬಹುತೇಕ ಎಲ್ಲ ಫೈಲುಗಳೂ ಬಳಸುತ್ತಿದ್ದ ಒಂದು ಹೆಡರ್ ಫೈಲಿನಲ್ಲಿ ಕನಿಷ್ಠ, ಗರಿಷ್ಠ, ಅರೇಯ ಉದ್ದ, ಬಿಟ್ ಮಾಸ್ಕ್, ಅಲೈನ್‌ಮೆಂಟ್ ಮುಂತಾದವುಗಳ ಮ್ಯಾಕ್ರೋಗಳು (ಕಂಪೈಲ್ ಆಗುವ ಮೊದಲು ಹೆಸರಿನ ಜಾಗದಲ್ಲಿ ಕೋಡಿನ ತುಣುಕನ್ನು ಹಾಗೇ ಇಡುವ ವ್ಯವಸ್ಥೆ) ವರ್ಷಗಳಿಂದ ಸೇರುತ್ತ ಬಂದಿದ್ದವು. ಒಂದು ಮ್ಯಾಕ್ರೋ ಇನ್ನೊಂದನ್ನು, ಅದು ಮತ್ತೊಂದನ್ನು ಬಳಸುತ್ತಿದ್ದುದರಿಂದ, ಕಂಪೈಲರ್ ತೋರಿಸುವ ಒಂದು ತಪ್ಪಿನ ಮೂಲ ಹುಡುಕಲು ಹಲವು ಪದರಗಳನ್ನು ಬಿಡಿಸಬೇಕಾಗುತ್ತಿತ್ತು.

ನಾನು ಈ ಕೆಲಸಕ್ಕೆ ಕೈಹಾಕಿದ್ದು ಗರಿಷ್ಠ ಮ್ಯಾಕ್ರೋದಿಂದಾಗಿ. ಸೆನ್ಸರಿನ ಫೈಫೋದಿಂದ (ಮೊದಲು ಬಂದ ಮೌಲ್ಯವೇ ಮೊದಲು ಹೊರಬರುವ ಸರದಿ) ಒಂದೊಂದೇ ಮೌಲ್ಯವನ್ನು ಓದಿ, ಅದುವರೆಗಿನ ಗರಿಷ್ಠದೊಡನೆ ಹೋಲಿಸುವ ಒಂದು ಸಾಲು ಇತ್ತು. ಮ್ಯಾಕ್ರೋ ತನ್ನ ಆರ್ಗ್ಯುಮೆಂಟನ್ನು ಹೋಲಿಸುವಾಗ ಒಮ್ಮೆ, ಉತ್ತರ ಕೊಡುವಾಗ ಇನ್ನೊಮ್ಮೆ ಬರೆಯುತ್ತದೆ. ಫೈಫೋವನ್ನು ಓದಿದರೆ ಆ ಮೌಲ್ಯ ಅಲ್ಲಿಂದ ಹೊರಬೀಳುತ್ತದೆ. ಹೀಗಾಗಿ ಹೊಸ ಗರಿಷ್ಠ ಸಿಕ್ಕಾಗಲೆಲ್ಲ ಅದು ಕಳೆದುಹೋಗಿ, ಸರದಿಯಲ್ಲಿ ಅದರ ನಂತರ ಬಂದ ಮೌಲ್ಯ ಗರಿಷ್ಠವೆಂದು ದಾಖಲಾಗುತ್ತಿತ್ತು. ಆವರಣಗಳನ್ನು ಎಷ್ಟೇ ಎಚ್ಚರದಿಂದ ಹಾಕಿದರೂ ಈ ದೋಷ ಹೋಗುವುದಿಲ್ಲ.

ಜಿಸಿಸಿ ಕಂಪೈಲರಿನ ಸ್ಟೇಟ್‌ಮೆಂಟ್ ಎಕ್ಸ್‌ಪ್ರೆಶನ್ (ಹಲವು ಸಾಲುಗಳ ಕೋಡಿನಿಂದ ಒಂದು ಮೌಲ್ಯ ಪಡೆಯುವ ಸೌಲಭ್ಯ) ಮತ್ತು ಟೈಪ್‌ಆಫ್ (ಒಂದು ಮೌಲ್ಯದ ಟೈಪನ್ನು ಹೇಳುವ ಸೌಲಭ್ಯ) ಬಳಸಿ ಇದನ್ನು ಸರಿಪಡಿಸಬಹುದಿತ್ತು. ಆದರೆ ಟೈಪ್‌ಆಫ್ ಪ್ರಮಾಣಿತ ಭಾಷೆಗೆ ಸೇರಿದ್ದು ಸಿ23 ಎಂಬ ಮಾನದಂಡದಲ್ಲಿ, ಸ್ಟೇಟ್‌ಮೆಂಟ್ ಎಕ್ಸ್‌ಪ್ರೆಶನ್ ಅದರಲ್ಲೂ ಇಲ್ಲ. ಅಲ್ಲದೆ ಅಂಥ ಜಾಣ ಮ್ಯಾಕ್ರೋಗಳನ್ನು ಒಂದರೊಳಗೊಂದು ಇಟ್ಟರೆ ಅವು ವಿಪರೀತ ಹಿಗ್ಗುತ್ತವೆ: ಲಿನಕ್ಸ್ ಕರ್ನಲ್‌ನ ಕನಿಷ್ಠ–ಗರಿಷ್ಠ ಮ್ಯಾಕ್ರೋಗಳಿದ್ದ ಒಂದೇ ಸಾಲು ಮ್ಯಾಕ್ರೋಗಳನ್ನು ಬಿಡಿಸುವ ಪ್ರಿಪ್ರೊಸೆಸರ್ ದಾಟಿದ ಮೇಲೆ ಸುಮಾರು 47 ಮೆಗಾಬೈಟ್ ಆಗುತ್ತಿದ್ದುದು 2024ರಲ್ಲಿ ಬೆಳಕಿಗೆ ಬಂದು, ಅವುಗಳನ್ನು ಸರಳಗೊಳಿಸಬೇಕಾಯಿತು. ನಾನು ಆರಿಸಿಕೊಂಡದ್ದು ನಮ್ಮಲ್ಲಿ ನಿಜವಾಗಿ ಬಳಕೆಯಲ್ಲಿದ್ದ ಮೂರು ಟೈಪುಗಳಿಗೆ ಮೂರು ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್‌ಗಳನ್ನು (ಕರೆದ ಜಾಗದಲ್ಲೇ ಕಂಪೈಲರ್ ತಮ್ಮ ಕೋಡನ್ನು ಇಡಬಹುದಾದ ಫಂಕ್ಷನ್‌ಗಳು; ಇವುಗಳ ಆರ್ಗ್ಯುಮೆಂಟನ್ನು ಒಮ್ಮೆ ಮಾತ್ರ ಲೆಕ್ಕಹಾಕಲಾಗುತ್ತದೆ).

ಅಲೈನ್‌ಮೆಂಟ್ ಮ್ಯಾಕ್ರೋವನ್ನು ಬದಲಿಸುವಾಗ ಸಿಕ್ಕ ದೋಷ ಇದಕ್ಕಿಂತ ಅಪಾಯಕಾರಿಯಾಗಿತ್ತು. ಮೆಮೊರಿ ಕಾರ್ಡಿನ 64 ಬಿಟ್ ಸ್ಥಾನವನ್ನು 512ರ ಗುಣಕಕ್ಕೆ ಏರಿಸುವ ಮ್ಯಾಕ್ರೋ ಅದು. 512 ಸೈನ್ಡ್ (ಋಣಾತ್ಮಕವೂ ಆಗಬಲ್ಲ ಬಗೆ) ಆಗಿದ್ದಾಗ, ಅದರಿಂದ ಒಂದು ಕಳೆದ 511ರ ಬಿಟ್‌ಗಳನ್ನು ತಿರುಗಿಸಿದರೆ ಋಣಾತ್ಮಕ ಸಂಖ್ಯೆ ಬರುತ್ತದೆ, ಅದು 64 ಬಿಟ್‌ಗೆ ಹಿಗ್ಗುವಾಗ ಮೇಲಿನ ಬಿಟ್‌ಗಳೆಲ್ಲ 1 ಆಗುತ್ತವೆ, ಉತ್ತರ ಸರಿಯಿರುತ್ತದೆ. ಯಾರೋ ಒಂದು ವಾರ್ನಿಂಗನ್ನು ಹೋಗಲಾಡಿಸಲು 512 ಅನ್ನು ಅನ್‌ಸೈನ್ಡ್ (ಋಣಾತ್ಮಕವಾಗದ ಬಗೆ) ಮಾಡಿದ್ದರು. ಆಗ ತಿರುಗಿಸಿದ ಆ ಸಂಖ್ಯೆ, ಅಂದರೆ ಮಾಸ್ಕ್, 32 ಬಿಟ್‌ನಲ್ಲೇ ಉಳಿದು, ಹಿಗ್ಗುವಾಗ ಮೇಲಿನ 32 ಬಿಟ್‌ಗಳು ಸೊನ್ನೆಯಾಗುತ್ತವೆ; 4 ಜಿಬಿ ದಾಟಿದ ಸ್ಥಾನಕ್ಕೆ ಹೋಗಬೇಕಾದ ಬರಹ ಕಾರ್ಡಿನ ಆರಂಭದ ಭಾಗವನ್ನು ಅಳಿಸಬಲ್ಲದು. ಫಂಕ್ಷನ್ ಆದರೆ ಎರಡೂ ಆರ್ಗ್ಯುಮೆಂಟುಗಳು ಮೊದಲು 64 ಬಿಟ್ ಆಗುತ್ತವೆ, ಬಿಟ್ ತಿರುಗಿಸುವುದು ಆಮೇಲೆ. ಅಲೈನ್‌ಮೆಂಟ್ ಎರಡರ ಘಾತವೇ ಎಂಬ ಪರೀಕ್ಷೆಯನ್ನೂ ಅಲ್ಲೇ ಸೇರಿಸಿದೆ.

ಎಲ್ಲವನ್ನೂ ಫಂಕ್ಷನ್ ಮಾಡಲಾಗದು. ಅರೇಯ ಗಾತ್ರ, ಕೇಸ್ ಲೇಬಲ್, ಸ್ಟ್ಯಾಟಿಕ್ ಆರಂಭಿಕ ಮೌಲ್ಯ, ಇಲ್ಲೆಲ್ಲ ಸ್ಥಿರಾಂಕವೇ ಬೇಕಾದ್ದರಿಂದ ಬಿಟ್ ಮ್ಯಾಕ್ರೋ ಉಳಿಯಿತು. 1 ಎಂಬ ಸಂಖ್ಯೆಯನ್ನು 31 ಸ್ಥಾನ ಎಡಕ್ಕೆ ಸರಿಸುವುದು ಸೈನ್ಡ್ ಆಗಿದ್ದರೆ ಭಾಷೆಯ ನಿಯಮಕ್ಕೆ ಹೊರತಾಗುತ್ತದೆಂದು ಅದನ್ನು ಅನ್‌ಸೈನ್ಡ್ ಮಾಡಿದೆ. ಅರೇಯ ಉದ್ದದ ಮ್ಯಾಕ್ರೋವೂ ಉಳಿಯಿತು, ಏಕೆಂದರೆ ಫಂಕ್ಷನ್‌ಗೆ ಕೊಟ್ಟ ಅರೇ ಪಾಯಿಂಟರ್ (ಮೊದಲ ಅಂಶದ ವಿಳಾಸ ಮಾತ್ರ) ಆಗಿಬಿಡುತ್ತದೆ.

ಒಂದು ಸಲಕ್ಕೆ ಒಂದೇ ಮ್ಯಾಕ್ರೋ ಬದಲಿಸಿ, ಹಿಂದಿನ ಮತ್ತು ಈಗಿನ ಅಸೆಂಬ್ಲಿಯನ್ನು ಹೋಲಿಸಿದೆ. ಆಪ್ಟಿಮೈಸೇಶನ್ ಇದ್ದಾಗ ಹೆಚ್ಚಿನ ಕಡೆ ಎರಡೂ ಒಂದೇ ಆಗಿದ್ದವು, ಬೇರೆಯಾದ ಕಡೆಯಲ್ಲೆಲ್ಲ ಕಾರಣ ಹುಡುಕಿದೆ. ಆಪ್ಟಿಮೈಸೇಶನ್ ಇಲ್ಲದ ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಇವು ನಿಜವಾದ ಕರೆಗಳಾಗುತ್ತವೆ. ಆದ್ದರಿಂದ, ಹಾರ್ಡ್‌ವೇರಿನ ಸಂಕೇತ ಬಂದೊಡನೆ ಓಡಬೇಕಾದ ಇಂಟರಪ್ಟ್ ಹ್ಯಾಂಡ್ಲರ್‌ಗಳಲ್ಲಿ ಬಳಸುವ ಎರಡು ಫಂಕ್ಷನ್‌ಗಳಿಗೆ ಕಡ್ಡಾಯ ಇನ್‌ಲೈನ್ ಗುರುತು ಹಾಕಿದೆ.