ಪೋಸ್ಟ್‌ಗ್ರೆಸ್ ಸಿಸ್ಟಮ್ ಕ್ಯಾಟಲಾಗನ್ನು ಹೊಸ ಡಿಸ್ಕಿಗೆ ಸಾಗಿಸುವುದು

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಯಾವ ಟೇಬಲ್ ಯಾವ ಫೈಲಿನಲ್ಲಿದೆ, ಯಾರಿಗೆ ಏನು ಹಕ್ಕು ಎಂಬ ಲೆಕ್ಕವೆಲ್ಲ ಇರುವುದು ಸಿಸ್ಟಮ್ ಕ್ಯಾಟಲಾಗ್‌ನಲ್ಲಿ. ಡಿಸ್ಕ್ ತುಂಬುತ್ತ ಬಂದಾಗ ಇದೊಂದನ್ನೇ ಎತ್ತಿ ಬೇರೆಡೆ ಇಡಲು ಹೋಗಬೇಡಿ. ಒಂದು ಡೇಟಾಬೇಸಿನ ಕ್ಯಾಟಲಾಗ್ ಅದರ ಟೇಬಲ್‌ಗಳ ಜೊತೆ ಬೇರೆ ಟೇಬಲ್‌ಸ್ಪೇಸಿಗೆ (ಟೇಬಲ್ ಫೈಲುಗಳನ್ನಿಡಲು ಗೊತ್ತುಮಾಡಿದ ಫೋಲ್ಡರಿಗೆ) ಹೋಗಬಲ್ಲದು. ಆದರೆ ಬಳಕೆದಾರರ ಪಟ್ಟಿ, ಡೇಟಾಬೇಸ್‌ಗಳ ಪಟ್ಟಿಯಂಥ ಎಲ್ಲ ಡೇಟಾಬೇಸ್‌ಗಳಿಗೂ ಹಂಚಿಕೆಯ ಕ್ಯಾಟಲಾಗ್, ಸರ್ವರ್ ತನ್ನ ಫೈಲುಗಳನ್ನಿಡುವ ಮುಖ್ಯ ಫೋಲ್ಡರಾದ ಡೇಟಾ ಡೈರೆಕ್ಟರಿಯ 'ಗ್ಲೋಬಲ್' ಫೋಲ್ಡರ್ ಬಿಟ್ಟು ಕದಲದು. ಸರ್ವರ್ ಏಳುವಾಗ ಓದುವ ಕಂಟ್ರೋಲ್ ಫೈಲ್ ಕೂಡ ಅಲ್ಲೇ ಇದೆ. ಹಾಗಾಗಿ ಸಾಗಿಸುವುದಾದರೆ ಇಡೀ ಡೇಟಾ ಡೈರೆಕ್ಟರಿಯನ್ನೇ ಸಾಗಿಸಬೇಕು.

ದಿನ ನೋಡಿ ಶುರು ಮಾಡಿ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಸರ್ವರ್ ಆದರೆ ಸೋಮವಾರ, ಗುರುವಾರದ ಟೆಂಡರ್ ದಿನ ಬೇಡವೇ ಬೇಡ. ಹೆಸ್ಕಾಂ ಕರೆಂಟ್ ತೆಗೆಯುವುದಾಗಿ ತಿಳಿಸಿದ ದಿನವೂ ಬೇಡ. ಯುಪಿಎಸ್ ಪೂರ್ತಿ ಚಾರ್ಜ್ ಆಗಿರಲಿ.

ಮೊದಲು ಎಲ್ಲ ಡೇಟಾಬೇಸ್‌ಗಳನ್ನೂ ಬರೆದುಕೊಡುವ ಪಿಜಿ_ಡಂಪ್‌ಆಲ್‌ನಿಂದ ಬ್ಯಾಕಪ್ ತೆಗೆದು ಮೂರನೆಯ ಡಿಸ್ಕಿನಲ್ಲಿಡಿ. ಅದನ್ನು ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡುವವರೆಗೆ ಬ್ಯಾಕಪ್ ಇದೆ ಎಂದು ನಂಬಬೇಡಿ. ಡೇಟಾ ಡೈರೆಕ್ಟರಿಯ ಹೊರಗೆ ಟೇಬಲ್‌ಸ್ಪೇಸ್‌ಗಳಿದ್ದರೆ ಬರೆದಿಟ್ಟುಕೊಳ್ಳಿ. ಒಳಗಿರುವುದು ಅವುಗಳ ಕೊಂಡಿ ಮಾತ್ರ, ನಕಲಿನಲ್ಲಿ ಬರುವುದೂ ಕೊಂಡಿಯೇ.

ಹೊಸ ಡಿಸ್ಕಿನ ಮೌಂಟ್ ಪಾಯಿಂಟನ್ನೇ (ಡಿಸ್ಕನ್ನು ಜೋಡಿಸುವ ಫೋಲ್ಡರನ್ನೇ) ಡೇಟಾ ಡೈರೆಕ್ಟರಿ ಮಾಡಬೇಡಿ, ಅದರೊಳಗೆ ಒಂದು ಉಪಫೋಲ್ಡರ್ ಮಾಡಿ. ಕರೆಂಟ್ ಹೋಗಿ ಬಂದಾಗ ಡಿಸ್ಕ್ ಮೌಂಟ್ ಆಗದಿದ್ದರೆ ಆ ಉಪಫೋಲ್ಡರೇ ಕಾಣಿಸದು, ಸರ್ವರ್ ಏಳುವುದಿಲ್ಲ. ಮೌಂಟ್ ಪಾಯಿಂಟನ್ನೇ ಡೇಟಾ ಡೈರೆಕ್ಟರಿ ಮಾಡಿದ್ದರೆ ಖಾಲಿ ಜಾಗ ಕಂಡ ಸ್ಟಾರ್ಟಪ್ ಸ್ಕ್ರಿಪ್ಟ್ ಹೊಸ ಖಾಲಿ ಡೇಟಾಬೇಸನ್ನೇ ಹುಟ್ಟುಹಾಕುವ ಅಪಾಯವಿದೆ.

ಸರ್ವರ್ ನಡೆಯುತ್ತಿರುವಾಗಲೇ ಫೈಲ್ ನಕಲಿಸುವ ಆರ್‌ಸಿಂಕ್‌ನಿಂದ ಒಂದು ಸುತ್ತು ನಕಲು ಮಾಡಬಹುದು. ಈ ನಕಲು ಬಳಕೆಗೆ ಬಾರದು. ಸರ್ವರ್ ನಿಲ್ಲಿಸುವ ಹೊತ್ತು ಕಡಿಮೆಯಾಗುತ್ತದೆ, ಅಷ್ಟೇ. ಆಮೇಲೆ ಸರ್ವರ್ ನಿಲ್ಲಿಸಿ, ಕಂಟ್ರೋಲ್ ಫೈಲನ್ನು ಓದಿ ತೋರಿಸುವ ಪಿಜಿ_ಕಂಟ್ರೋಲ್‌ಡೇಟಾ ಓಡಿಸಿ, ಸ್ಥಿತಿ 'ಶಟ್ ಡೌನ್' ಎಂದೇ ಇದೆಯೇ ನೋಡಿ. ಎರಡನೆಯ ಸುತ್ತಿನಲ್ಲಿ ಆರ್‌ಸಿಂಕ್‌ಗೆ 'ಚೆಕ್‌ಸಮ್' (ಫೈಲಿನ ಒಳಗಿರುವುದನ್ನೇ ಹೋಲಿಸುವುದು) ಮತ್ತು 'ಡಿಲೀಟ್' (ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದ ಅಳಿಸುವುದು) ಆಯ್ಕೆ ಎರಡನ್ನೂ ಕೊಡಿ. ಬರೀ ಸಮಯ, ಗಾತ್ರ ಹೋಲಿಸಿದರೆ ಒಂದೇ ಸೆಕೆಂಡಿನೊಳಗೆ ಬದಲಾದ ಫೈಲ್ ತಪ್ಪಿಹೋಗಬಹುದು. ಕ್ಯಾಟಲಾಗ್ ಹಾಳಾಗಲು ಅಂಥ ಒಂದು ಫೈಲ್ ಸಾಕು.

ಡೈರೆಕ್ಟರಿಯ ಒಡೆಯ ಪೋಸ್ಟ್‌ಗ್ರೆಸ್ ಬಳಕೆದಾರನೇ ಆಗಿರಲಿ, ಅನುಮತಿ 0700, ಅಂದರೆ ಒಡೆಯನಿಗೆ ಮಾತ್ರ ಪ್ರವೇಶ. ಉಬುಂಟುವಿನಲ್ಲಿ ಸಂರಚನಾ ಫೈಲಿನ 'ಡೇಟಾ_ಡೈರೆಕ್ಟರಿ' ಸಾಲು ಬದಲಿಸಿ. ಲಿನಕ್ಸ್‌ನ ಹೆಚ್ಚುವರಿ ಭದ್ರತಾ ಕಾವಲಾದ ಎಸ್‌ಇಲಿನಕ್ಸ್ ಇರುವ ಯಂತ್ರದಲ್ಲಿ ಹೊಸ ದಾರಿಗೆ ಲೇಬಲ್ ಹಚ್ಚದೆ ಬಿಟ್ಟರೆ, ಅನುಮತಿ ಸರಿಯಿದ್ದೂ ಸರ್ವರ್ ಏಳುವುದಿಲ್ಲ. ಹಳೆಯ ಫೋಲ್ಡರಿನ ಹೆಸರು ಬದಲಿಸಿಬಿಡಿ, ಯಾರೂ ಮರೆತು ಅದನ್ನೇ ಚಾಲೂ ಮಾಡಬಾರದು.

ಸರ್ವರ್ ಚಾಲೂ ಮಾಡಿದ ಮೇಲೆ ಡೇಟಾ ಡೈರೆಕ್ಟರಿ ಎಲ್ಲಿದೆ ಎಂದು ಸರ್ವರ್‌ನನ್ನೇ ಕೇಳಿ. ಪೋಸ್ಟ್‌ಗ್ರೆಸ್ 14ನೇ ಆವೃತ್ತಿಯಿಂದ ಟೇಬಲ್, ಇಂಡೆಕ್ಸ್ ಹಾಳಾಗಿದೆಯೇ ಎಂದು ನೋಡುವ ಪಿಜಿ_ಆಮ್‌ಚೆಕ್ ಇದೆ, ಕ್ಯಾಟಲಾಗ್ ಸೇರಿ ಎಲ್ಲವನ್ನೂ ಅದರಿಂದ ಪರೀಕ್ಷಿಸಿ. ಆಪರೇಟಿಂಗ್ ಸಿಸ್ಟಮ್ ಕೂಡ ಬದಲಾಗಿದ್ದರೆ ಪಠ್ಯದ ಇಂಡೆಕ್ಸ್‌ಗಳನ್ನು (ಸಾಲು ಬೇಗ ಹುಡುಕಲು ಇಟ್ಟ ಸೂಚಿಗಳನ್ನು) ಮರುಕಟ್ಟಿ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಅಕ್ಷರ ವಿಂಗಡಣೆಯ ಕ್ರಮವೇ ಬದಲಾಗಿದೆ, ಹಳೆಯ ಇಂಡೆಕ್ಸ್ ಇದ್ದ ಸಾಲನ್ನೂ ಇಲ್ಲ ಎನ್ನಬಹುದು.

ಹೊಸ ಜಾಗದಲ್ಲಿ ಮೊದಲ ಬಿಲ್ ಬರೆದ ಕ್ಷಣದಿಂದ ಹಳೆಯ ನಕಲು ಹಿಂದುಳಿಯುತ್ತದೆ. ವಾಪಸ್ ಹೋಗುವುದಿದ್ದರೆ ಅದಕ್ಕೂ ಮೊದಲೇ ನಿರ್ಧರಿಸಿ.