ಎಣ್ಣೆ ರೆಪ್ಪೆಗೆ ಕೊರಿಯನ್ ಐ ಪ್ರೈಮರ್: ಕಮ್ಮಿ ದುಡ್ಡಲ್ಲಿ ಯಾವ್ದು, ಹೇಗೆ ನೋಡಿ ತಗೊಳ್ಳೋದು

ಏಪ್ರಿಲ್-ಮೇ ಸೀಸನ್ನಲ್ಲಿ ಶಿವಮೊಗ್ಗದ ಯಾವ ಕಲ್ಯಾಣ ಮಂಟಪಕ್ಕಾದ್ರೂ ಹೋಗಿ, ಧಾರೆ ಮುಗಿದು ಊಟದ ಪಂಕ್ತಿ ಕೂರೋ ಹೊತ್ತಿಗೆ ಎಷ್ಟೋ ಹುಡುಗೀರ ಐಶ್ಯಾಡೋ ರೆಪ್ಪೆ ಮಡಿಕೇಲಿ ಗೆರೆ ಕಟ್ಟಿರತ್ತೆ, ಕಾಜಲ್ ಕೆಳಗಿಳಿದಿರತ್ತೆ. ಆಗುಂಬೆ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಂತೂ ಬಿಸಿಲೇ ಬೇಡ, ಗಾಳೀಲಿರೋ ತೇವಕ್ಕೇ ಬೆವರು ಆರಲ್ಲ. ಇದಕ್ಕೆ ಪ್ರೈಮರ್, ಅಂದ್ರೆ ಬಣ್ಣ ನಿಲ್ಲಲಿ ಅಂತ ಐಶ್ಯಾಡೋಗೂ ಮುಂಚೆ ರೆಪ್ಪೆಗೆ ಹಚ್ಚೋ ತೆಳು ಪದರ, ಬೇಕು ಅನ್ನೋದು ಸರಿ, ಆದ್ರೆ ಯಾವ ಬ್ರ್ಯಾಂಡ್ ಅಂತ ಕೇಳೋಕ್ ಮುಂಚೆ ನಿಮ್ಮ ರೆಪ್ಪೆಗೆ ಏನಾಗ್ತಿದೆ ಅಂತ ನೋಡ್ಕೊಳ್ಳಿ.

ಮೊದಲು ಟಿಶ್ಯೂ ಟೆಸ್ಟ್. ಮುಖ ತೊಳೆದು, ಏನೂ ಹಚ್ಚದೆ ಎರಡು ಗಂಟೆ ಬಿಟ್ಟು, ತೆಳು ಟಿಶ್ಯೂನ ರೆಪ್ಪೆ ಮೇಲೆ ಮೆತ್ತಗೆ ಒತ್ತಿ. ಒದ್ದೆಯಾಗಿ ಆಮೇಲೆ ಆರಿದ್ರೆ ಬೆವರು, ಪಾರದರ್ಶಕ ಕಲೆ ಹಾಗೇ ಉಳಿದ್ರೆ ಎಣ್ಣೆ. ರೆಪ್ಪೆ ಅಂಚಲ್ಲೇ ಎಣ್ಣೆ ಗ್ರಂಥಿಗಳಿರ್ತವೆ, ಕಣ್ಣೀರು ಬೇಗ ಆರದಂಗೆ ನೋಡ್ಕೊಳ್ಳೋದು ಅವುಗಳ ಕೆಲಸ, ಹಾಗಾಗಿ ಅದನ್ನ ಪೂರ್ತಿ ನಿಲ್ಲಿಸೋಕಾಗಲ್ಲ, ನಿಲ್ಲಿಸಲೂಬಾರದು. ಇನ್ನೊಂದು, ತಲೆಗೆ ಕೊಬ್ಬರಿ ಎಣ್ಣೆ ಹಾಕ್ಕೊಂಡು ಮಲಗೋರ ಹಣೆಯಿಂದ ಅದು ರೆಪ್ಪೆಗೂ ಬರತ್ತೆ, ಅದಕ್ಕೆ ಪ್ರೈಮರ್‌ನ ಬೈದು ಪ್ರಯೋಜನ ಇಲ್ಲ. ಅಂಚಲ್ಲಿ ತುರಿಕೆ, ಹೊಟ್ಟು, ಕೆಂಪು ಇದ್ರೆ ಮೇಕಪ್ ಬಿಟ್ಟು ಕಣ್ಣಿನ ಡಾಕ್ಟ್ರ ಹತ್ರ ಹೋಗಿ.

ಎಣ್ಣೇನೇ ಅಂತ ಗೊತ್ತಾಯ್ತಾ, ಈಗ ಡಬ್ಬಿ ಹಿಂದೆ ಓದಿ. ಜಾಸ್ತಿ ಇರೋ ಪದಾರ್ಥದ ಹೆಸರು ಮೊದಲು ಬರತ್ತೆ, ಹಾಗಾಗಿ ಮೇಲಿನ ಐದಾರು ಸಾಕು. ಐಸೊಡೊಡೆಕೇನ್, ಸೈಕ್ಲೊಪೆಂಟಾಸಿಲೋಕ್ಸೇನ್ ಇದ್ರೆ ಅವು ಹಚ್ಚಿದ ಮೇಲೆ ಹಾರಿಹೋಗ್ತವೆ. ಜೊತೆಗೆ ಟ್ರೈಮಿಥೈಲ್‌ಸಿಲಾಕ್ಸಿಸಿಲಿಕೇಟ್ ಇದ್ರೆ ಅದು ತೆಳು ಪದರವಾಗಿ ಉಳ್ಕೊಂಡು ಬಣ್ಣ ಹಿಡ್ಕೊಳ್ಳತ್ತೆ. ಸಿಲಿಕಾ ಎಣ್ಣೆ ಹೀರತ್ತೆ. ಬರೀ ಡೈಮೆಥಿಕೋನ್ (ಒಂದು ಬಗೆ ಸಿಲಿಕೋನ್) ಪಟ್ಟಿ ಮೇಲಿದ್ದು ಇವ್ಯಾವೂ ಇಲ್ಲ ಅಂದ್ರೆ ಚರ್ಮ ನುಣುಪಾಗಿ ಕಾಣತ್ತೆ ಅಷ್ಟೇ, ತುಂಬಾ ಎಣ್ಣೆ ಇರೋರಿಗೆ ನಾನಂತೂ ಹೇಳಲ್ಲ.

ಇನ್ನು ಹೋಲಿಕೆ. ಎಟ್ಯೂಡ್‌ನ ಪ್ರೂಫ್ 10 ಐ ಪ್ರೈಮರ್ ರೆಪ್ಪೆಗಂತಲೇ ಮಾಡಿದ್ದು, ಮದುವೆ, ಫೋಟೋ ಅಂತ ಐಶ್ಯಾಡೋ ಹಾಕೋರಿಗೆ ನನ್ನ ಓಟು ಇದಕ್ಕೇ. ದ ಸೇಮ್‌ನ ಕವರ್ ಪರ್ಫೆಕ್ಷನ್ ಟಿಪ್ ಕನ್ಸೀಲರ್ 6.5 ಗ್ರಾಂ ಬರತ್ತೆ, ಅದು ಪ್ರೈಮರ್ ಅಲ್ಲ, ಆದ್ರೂ ಸುಮಾರು ಜನ ರೆಪ್ಪೆಗೂ ಹಚ್ತಾರೆ, ಕಪ್ಪು ಕಲೇನೂ ಮುಚ್ಚತ್ತೆ, ತೊಂದ್ರೆ ಏನಂದ್ರೆ ಸ್ವಲ್ಪ ಜಾಸ್ತಿ ಆದ್ರೂ ಮಡಿಕೇಲಿ ಗೆರೆ ಬೀಳತ್ತೆ, ತಿಳಿ ಶೇಡ್ ತಗೊಂಡ್ರೆ ನಮ್ಮ ಬಣ್ಣಕ್ಕೆ ಬೂದಿ ಬಳಿದಂಗೆ ಕಾಣತ್ತೆ. ಮೂರನೇದು ಇನಿಸ್‌ಫ್ರೀ ನೋ ಸೀಬಮ್ ಮಿನರಲ್ ಪೌಡರ್, ಎಣ್ಣೆ ಹೀರೋ ಪೌಡರ್, 5 ಗ್ರಾಮಿನ ಪುಟ್ಟ ಡಬ್ಬಿ. ದಿನಾ ಕಾಲೇಜಿಗೆ, ಆಫೀಸಿಗೆ ಬರೀ ಕಾಜಲ್ ಹಾಕೋರಿಗೆ ಈ ಪೌಡರ್ ಒಂದೇ ಸಾಕು, ಪ್ರೈಮರ್‌ಗೆ ದುಡ್ಡು ಸುರೀಬೇಡಿ. ಆದ್ರೆ ಅದರಲ್ಲಿ ಮಿಂಟ್ ಇದೆ, ಕಣ್ಣು ಉರಿಯೋರು ಹುಷಾರು, ಕಣ್ಣೊಳಗೆ ಉದುರದಂಗೆ ಬ್ರಷ್ ಕೊಡವಿಕೊಂಡೇ ಹಚ್ಚಿ.

ಬೆಲೆ ನೋಡೋವಾಗ ಡಬ್ಬಿ ಬೆಲೇನ ಗ್ರಾಮಿಂದ ಭಾಗಿಸಿ. ಪುಟ್ಟ ಟ್ಯೂಬ್ ಅಗ್ಗ ಅಂತ ಕಂಡ್ರೂ ಲೆಕ್ಕ ಹಾಕಿದ್ರೆ ದುಬಾರಿ ಇರಬಹುದು. ಆಮದು ಮಾಡಿದ ಕಾಸ್ಮೆಟಿಕ್ಸ್‌ಗೆ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ನೋಂದಣಿ ಬೇಕು, ಲೇಬಲ್ ಮೇಲೆ ನೋಂದಣಿ ನಂಬರು, ಆಮದುದಾರರ ಹೆಸರು-ವಿಳಾಸ ಇರ್ಬೇಕು. ಶಿವಮೊಗ್ಗದ ಗಾಂಧಿ ಬಜಾರಲ್ಲಿ ತಗೊಂಡ್ರೂ ಆನ್‌ಲೈನಲ್ಲಿ ತರಿಸಿದ್ರೂ ಅದಿಲ್ಲದ ಡಬ್ಬಿ ಬೇಡ. ಕೊರಿಯಾದ ತಾರೀಕಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಅದು ತಯಾರಾದ ದಿನವೋ ಮುಗಿಯೋ ದಿನವೋ ಅಂತ ಆಮದುದಾರರ ಸ್ಟಿಕ್ಕರ್ ಜೊತೆ ತಾಳೆ ನೋಡಿ.

ಅಂಗಡೀಲಿ ಅಂಗೈ ಹಿಂದೆ ಹಚ್ಚಿ ಆಹಾ ಅನ್ನಬೇಡಿ, ಅಲ್ಲಿ ರೆಪ್ಪೆ ಅಷ್ಟು ಎಣ್ಣೆ ಇರಲ್ಲ. ಮನೇಲಿ ಹೀಗೆ ಮಾಡಿ: ಮುಂಗೈ ಮೇಲೆ ಈ ಮೂರರದ್ದೂ ಒಂದೊಂದು ಪಟ್ಟಿ ಎಳೆದು, ಎರಡು ನಿಮಿಷ ಆರಿಸಿ, ಮೇಲೆ ಒಂದೇ ಬಣ್ಣದ ಐಶ್ಯಾಡೋ ಹಚ್ಚಿ, ಒಂದೊಂದಕ್ಕೂ ಒಂದೊಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಹತ್ತು ನಿಮಿಷ ಆದ್ಮೇಲೆ ಟಿಶ್ಯೂಲಿ ಒಂದೇ ಸಲ ಒರೆಸಿ. ಯಾವ ಪಟ್ಟೀಲಿ ಬಣ್ಣ ಉಳೀತು ಅನ್ನೋದು ಕಣ್ಣಿಗೇ ಕಾಣತ್ತೆ. ಅದರಲ್ಲಿ ಗೆದ್ದ ಎರಡನ್ನ ಒಂದು ಕಣ್ಣಿಗೊಂದು ಹಚ್ಚಿ, ಮಾರನೇ ದಿನ ಕಣ್ಣು ಅದಲು ಬದಲು ಮಾಡಿ, ಯಾಕಂದ್ರೆ ಎಷ್ಟೋ ಜನಕ್ಕೆ ಒಂದೇ ಕಣ್ಣು ಉಜ್ಜೋ ಅಭ್ಯಾಸ ಇರತ್ತೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಕಿಟಕಿ ಹತ್ರ ನಿಂತು ಫೋಟೋ ತೆಗೀರಿ, ಸಾಗರ-ಶಿವಮೊಗ್ಗ ಬಸ್ಸಲ್ಲಿ ಓಡಾಡೋ ದಿನಾನೇ ಆದ್ರೆ ಇನ್ನೂ ಒಳ್ಳೇದು.

ಹಚ್ಚೋ ಕ್ರಮ ಸಣ್ಣದು. ರೆಪ್ಪೆ ಮೇಲಿನ ಸನ್‌ಸ್ಕ್ರೀನ್, ಕ್ರೀಮ್ ಟಿಶ್ಯೂಲಿ ಒತ್ತಿ ತೆಗೆದು, ಎರಡೂ ಕಣ್ಣಿಗೆ ಸೇರಿ ಸಾಸಿವೆ ಕಾಳಷ್ಟು ಪ್ರೈಮರ್ ಉಂಗುರ ಬೆರಳಲ್ಲಿ ತಟ್ಟಿ, ಎಳೀಬೇಡಿ. ಕೆಳಗೆ ನೋಡ್ತಾ ಒಂದು ನಿಮಿಷ ಆರಿಸಿ. ಆರೋಕ್ ಮುಂಚೆ ಕಣ್ಣು ಪೂರ್ತಿ ಬಿಟ್ರೆ ಮಡಿಕೇಲಿ ಅಲ್ಲೇ ಗೆರೆ. ಮೇಲೆ ಚಿಟಿಕೆ ಪೌಡರ್, ಆಮೇಲೆ ಬಣ್ಣ.

ರಾತ್ರಿ ತೆಗೆಯೋದು ಮರೀಬೇಡಿ, ಈ ಪದರ ಬರೀ ನೀರಿಗೆ ಬಿಡಲ್ಲ. ಹತ್ತೀಲಿ ಕೊಬ್ಬರಿ ಎಣ್ಣೆ ಹಾಕಿ ಮುಚ್ಚಿದ ಕಣ್ಣ ಮೇಲೆ ಸ್ವಲ್ಪ ಹೊತ್ತು ಇಟ್ಟು ಒರೆಸಿ, ಮೇಲೆ ಫೇಸ್‌ವಾಶ್ ಹಾಕಿ ತೊಳೀರಿ. ಎಣ್ಣೆ ಉಳಿದ್ರೆ ನಾಳೆ ಬೆಳಿಗ್ಗೆ ಯಾವ ಪ್ರೈಮರೂ ನಿಲ್ಲಲ್ಲ.