ಮೊಲದ ಹಲ್ಲಿಗೆ ವೈರು ಸಿಗದಂತೆ ಮಾಡಿದ್ದು

ಧಾರವಾಡದ ನಮ್ಮ ಮನೆಯಲ್ಲಿ ಮೊಲ ಆರಾಮಾಗಿ ಓಡಾಡಿಕೊಂಡಿರುತ್ತದೆ. ಫ್ರಿಜ್ಜಿನ ಹಿಂದೆ ನುಗ್ಗಿ ವೈರು ಕಡಿಯುವುದು ಅದಕ್ಕೆ ರೂಢಿಯಾಗಿಬಿಟ್ಟಿತ್ತು. ಚಾರ್ಜರ್ ಹೋದರೆ ಹೋಗಲಿ, 230 ವೋಲ್ಟಿನ ವೈರಿಗೆ ಬಾಯಿ ಹಾಕಿದರೆ ಜೀವಕ್ಕೇ ಅಪಾಯ ಅಲ್ವಾ?

ಸುಮ್ನೆ ಬೈದು ಉಪಯೋಗವಿಲ್ಲ. ಮೊಲದ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಏನಾದರೂ ಕಡಿಯಲೇಬೇಕು.

ಕೆಲಸಕ್ಕೆ ಬಂದದ್ದು ವೈರಿಂಗಿಗೆ ಹಾಕುವ ಗಟ್ಟಿ ಪಿವಿಸಿ ಪೈಪು. ಪ್ಲಗ್ ದೊಡ್ಡದು, ಪೈಪಿನೊಳಗೆ ತೂರುವುದಿಲ್ಲ. ಅದಕ್ಕೆ ಪೈಪನ್ನೇ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದೆ. ಸೀಳಿದ ಅಂಚು ಭಾಳ ಚೂಪಾಗಿರುತ್ತದೆ, ವೈರನ್ನು ಅದೇ ಕೊಯ್ದುಬಿಡುತ್ತದೆ. ಮರಳು ಕಾಗದದಿಂದ ಚೆನ್ನಾಗಿ ತಿಕ್ಕಿದೆ. ಆಮೇಲೆ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ವೈರನ್ನು ಸೀಳಿನೊಳಗೆ ಒತ್ತಿ ಕೂರಿಸಿ, ಸೀಳು ಗೋಡೆ ಕಡೆ ಬರುವ ಹಾಗೆ ಕ್ಲಾಂಪ್ ಹೊಡೆದೆ. ಮೆತ್ತನೆಯ ಫ್ಲೆಕ್ಸಿಬಲ್ ಪೈಪು ಸಾಲದು, ನಮ್ಮ ಮೊಲ ಅದನ್ನೂ ತೂತು ಮಾಡಿತು. ಫ್ರಿಜ್ಜಿನ ಸಂದಿಗೆ ಗಾಳಿಯಾಡುವಂತೆ ತಂತಿ ಜಾಲರಿ ಅಡ್ಡ ಇಟ್ಟಿದ್ದೇನೆ.

ಅರ್ಧ ಕಡಿದ ವೈರಿಗೆ ಟೇಪ್ ಸುತ್ತಿ ಬಿಡಬೇಡಿ, ಬದಲಿಸಿಬಿಡಿ. ಖಾರಪುಡಿ ಸವರು ಎಂದವರೂ ಇದ್ದರು. ಪಾಪ, ಅದರ ಕಣ್ಣು ಮೂಗು ಉರಿಯುತ್ತದೆ. ಅದು ಬೇಡವೇ ಬೇಡ.

ಈಗ ಒಣ ಹುಲ್ಲು ಸದಾ ಅದರ ಮುಂದಿರುತ್ತದೆ. ನವಲೂರು ಕಡೆಯಿಂದ ಔಷಧಿ ಹೊಡೆಯದ ಪೇರಲ ಟೊಂಗೆ ತರುತ್ತೇನೆ. ಮುಂಗಾಲಲ್ಲಿ ಒತ್ತಿ ಹಿಡಿದು ತೊಗಟೆಯನ್ನು ಕರಕರ ಸುಲಿಯುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಪಂಜರದಲ್ಲೇ ಬಿಟ್ಟು ಹೋಗುತ್ತೇವೆ.